ವಸ್ತುಸಂಗ್ರಹಾಲಯವೂ ಸರ್ವಪ್ರೇಕ್ಷಕರೂ

ವಸ್ತುಸಂಗ್ರಹಾಲಯಗಳ ವಿಷಯವಾಗಿ ನಮ್ಮಲ್ಲಿ ಈವರೆಗೆ ನಡೆದಿರುವ ಚರ್ಚೆ ಬಹುಮಟ್ಟಿಗೆ ವಸ್ತುಗಳ ಸುತ್ತಲೇ ತಿರುಗಿದೆ. ಯಾವ ಶಾಸನ ಎಲ್ಲಿ ದೊರಕಿತು, ಯಾವ ವಿಗ್ರಹ ಯಾವ ಕಾಲದ್ದು, ಯಾವ ನಾಣ್ಯದ ಹಿಂಬದಿಯ ಬರಹವನ್ನು ಹೇಗೆ ಓದಬೇಕು ಎಂಬ ಪ್ರಶ್ನೆಗಳಿಗೆ ವಿದ್ವಾಂಸರು ಪುಟಗಟ್ಟಲೆ ಉತ್ತರ ಬರೆದಿದ್ದಾರೆ. ಆದರೆ ಆ ವಸ್ತುವಿನ ಮುಂದೆ ಬಂದು ನಿಲ್ಲುವ ಮನುಷ್ಯನಾರು? ಅವನಿಗೆ ಅದು ಕಾಣುತ್ತದೆಯೆ? ಅದರ ಬಳಿಗೆ ಅವನು ಬರಬಲ್ಲನೆ? ಪಕ್ಕದ ಫಲಕದಲ್ಲಿ ಬರೆದಿರುವುದು ಅವನಿಗೆ ತಿಳಿಯುತ್ತದೆಯೆ? ಇಂಥ ಪ್ರಶ್ನೆಗಳು ಪಾಂಡಿತ್ಯದ ಎಲ್ಲೆಯಿಂದ ಹೊರಗಿನವೆಂದೂ, ಕಟ್ಟಡದ ಮೇಸ್ತ್ರಿಗೋ ದಾನಿಗಳ ದಯಾಗುಣಕ್ಕೋ ಬಿಟ್ಟದ್ದೆಂದೂ ನಾವು ಭಾವಿಸಿಕೊಂಡಂತಿದೆ. ಈ ಭಾವನೆ ಸರಿಯಲ್ಲ; ಪ್ರದರ್ಶನವನ್ನು ಎಲ್ಲರಿಗೂ ಎಟಕುವಂತೆ ಮಾಡುವುದು ವಸ್ತುವಿನ ಅರ್ಥವನ್ನು ನಿರ್ಣಯಿಸುವ ವಿದ್ವತ್ಕಾರ್ಯದ ಒಂದು ಅಂಗವೇ ಆಗಿದೆ ಎಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಪ್ರಮಾಣಗ್ರಂಥದಂತೆ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಕೈಪಿಡಿಯೊಂದುಂಟು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ೧೮೪೬ರಲ್ಲಿ ಸ್ಥಾಪಿತವಾದ ಸ್ಮಿತ್‌ಸೋನಿಯನ್ ಸಂಸ್ಥೆ ತನ್ನ ಸಂಗ್ರಹಾಲಯಗಳ ಉಪಯೋಗಕ್ಕೆಂದು ಕಳೆದ ಶತಮಾನದ ಕೊನೆಯ ದಶಕದಲ್ಲಿ ಅದನ್ನು ಸಿದ್ಧಪಡಿಸಿತು. ಎಲ್ಲರಿಗೂ ಎಟಕುವ ಪ್ರದರ್ಶನ ವಿನ್ಯಾಸದ ಮಾರ್ಗಸೂಚಿಗಳು ಎಂದು ಅದರ ಹೆಸರನ್ನು ಕನ್ನಡಿಸಬಹುದು. ೧೯೯೦ರಲ್ಲಿ ಆ ದೇಶ ಅಂಗವಿಕಲರ ಹಕ್ಕುಗಳ ಬಗ್ಗೆ ಮಾಡಿದ ಶಾಸನ ಅದರ ಬೆನ್ನಿಗಿದೆ. ಪ್ರದರ್ಶನದ ತಿರುಳು, ವಸ್ತುಗಳ ಜೋಡಣೆ, ವಿವರಣಫಲಕ, ಧ್ವನಿಚಿತ್ರಗಳು, ನಡೆದಾಡುವ ದಾರಿ, ಪೀಠೋಪಕರಣ, ಬಣ್ಣ, ಬೆಳಕು, ಅಪಾಯಕಾಲದಲ್ಲಿ ಹೊರಬೀಳುವ ಮಾರ್ಗ, ಮಕ್ಕಳ ಏರ್ಪಾಡು ಹೀಗೆ ಪ್ರತಿಯೊಂದಕ್ಕೂ ಅದರಲ್ಲಿ ಅಳತೆಗಳೂ ಸೂತ್ರಗಳೂ ಇವೆ. ಮೇಲುನೋಟಕ್ಕೆ ಅದು ಎಂಜಿನಿಯರನ ಪುಸ್ತಕದಷ್ಟೇ ನೀರಸವಾಗಿ ತೋರುತ್ತದೆ. ಓದುತ್ತ ಹೋದಂತೆ ಆ ಅಂಕೆಗಳ ಹಿಂದೆ ನಿಂತ ಮನುಷ್ಯರು ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಾರೆ.

ಒಂದು ಉದಾಹರಣೆ ಸಾಕು. ನೆಲದಿಂದ ೪೦ ಅಂಗುಲಕ್ಕಿಂತ ಮೇಲೆ ಇಟ್ಟ ವಸ್ತುವನ್ನು ಕುಳಿತು ನೋಡುವವರೂ ಕುಳ್ಳನೆಯವರೂ ಕೆಳಗಿನಿಂದ ಮಾತ್ರ ನೋಡಬಲ್ಲರು ಎಂದು ಕೈಪಿಡಿ ಹೇಳುತ್ತದೆ. ನಮ್ಮ ಸಂಗ್ರಹಾಲಯಗಳಲ್ಲಿ ನಾಣ್ಯಗಳನ್ನು ಇಡುವ ಕ್ರಮವನ್ನು ವಾಚಕರು ನೆನೆದುಕೊಳ್ಳಲಿ. ಎತ್ತರವಾದ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಮಕಮಲ್ಲಿನ ಹಾಸು, ಅದರ ಮೇಲೆ ಮಲಗಿಸಿದ ನಾಣ್ಯಗಳು. ಗಾಲಿಕುರ್ಚಿಯಲ್ಲಿ ಬಂದವರಿಗೂ ಎಂಟು ವರ್ಷದ ಹುಡುಗನಿಗೂ ಅಲ್ಲಿ ಕಾಣುವುದು ಮರದ ಚೌಕಟ್ಟು ಮಾತ್ರ. ಕದಂಬರ ಪದ್ಮಟಂಕವಿದ್ದರೂ ಒಂದೇ, ಅಚ್ಯುತರಾಯನ ಗಂಡಭೇರುಂಡದ ವರಾಹವಿದ್ದರೂ ಒಂದೇ, ಪೆಟ್ಟಿಗೆ ಬರಿದಾಗಿದ್ದರೂ ಒಂದೇ. ಅದೇ ಪೆಟ್ಟಿಗೆಯನ್ನು ತಗ್ಗಿಸಿ, ಒಳಗಿನ ಹಲಗೆಯನ್ನು ನೋಡುವವರ ಕಡೆಗೆ ತುಸು ಓರೆಮಾಡಿದರೆ ಆ ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಇದಕ್ಕೆ ಬೇಕಾದದ್ದು ಬಡಗಿಯ ಒಂದು ದಿನದ ಕೆಲಸವೇ ಹೊರತು ಹಣದ ರಾಶಿಯಲ್ಲ.

ಕೈಪಿಡಿಯ ಹೃದಯವೆನ್ನಬಹುದಾದ ಸೂತ್ರ ಬೇರೆಯದು. ಪ್ರದರ್ಶನದ ತಿರುಳು ಒಂದಕ್ಕಿಂತ ಹೆಚ್ಚು ಇಂದ್ರಿಯಗಳ ಮೂಲಕವೂ, ಒಂದಕ್ಕಿಂತ ಹೆಚ್ಚು ಬುದ್ಧಿಮಟ್ಟಗಳಲ್ಲಿಯೂ ದೊರಕುವಂತಿರಬೇಕು ಎಂಬುದೇ ಅದು. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದ ಗಡಿಯಾರವನ್ನು ನೋಡಿದವರಿಗೆ ಈ ಸೂತ್ರದ ವ್ಯಾಖ್ಯಾನ ಬೇಕಿಲ್ಲ. ಗಂಟೆ ಗಂಟೆಗೂ ಪುಟ್ಟ ಗೊಂಬೆಯೊಂದು ಹೊರಬಂದು ಜಾಗಟೆ ಬಾರಿಸುತ್ತದೆ. ಅದಕ್ಕಾಗಿ ಜನ ಕಾದು ಗುಂಪುಗೂಡುತ್ತಾರೆ. ಕಿವಿ ಕೇಳದವನು ಗೊಂಬೆಯ ಕೈಯನ್ನು ಕಾಣುತ್ತಾನೆ, ಕಣ್ಣು ಕಾಣದವನು ಬಡಿತವನ್ನು ಎಣಿಸುತ್ತಾನೆ, ಏನೂ ಓದಲು ಬಾರದವನು ಇಬ್ಬರಷ್ಟೇ ನಲಿಯುತ್ತಾನೆ. ಅದನ್ನು ಮಾಡಿದವರು ಅಂಗವಿಕಲರನ್ನು ನೆನೆದು ಮಾಡಿದವರಲ್ಲ. ಒಂದೇ ಸಂಗತಿಯನ್ನು ಎರಡು ದಾರಿಗಳಿಂದ ಹೇಳಿದರು, ಅಷ್ಟೆ.

ನಮ್ಮ ದೇಶದಲ್ಲಿ ಈ ಸೂತ್ರಕ್ಕೆ ಬಂದಿರುವ ಗತಿಯನ್ನು ಇಲ್ಲಿ ಸ್ವಲ್ಪ ಪರಾಮರ್ಶಿಸಬೇಕು. ಎಲ್ಲರಿಗೂ ಎಟಕುವ ಪ್ರದರ್ಶನವೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಬಾಗಿಲ ಬಳಿಯ ಇಳಿಜಾರು. ಇಳಿಜಾರು ಬೇಡವೆಂದಲ್ಲ. ಅದು ಇಲ್ಲದಿದ್ದರೆ ಮುಂದಿನ ಮಾತೇ ಇಲ್ಲ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ಅಂಗೀಕೃತವಾದ ಅಳತೆ. ಐದು ಅಡಿ ಎತ್ತರದ ಜಗತಿಯ ಮೇಲಿನ ಕಟ್ಟಡಕ್ಕೆ ಅರುವತ್ತು ಅಡಿ ಇಳಿಜಾರು, ನಡುನಡುವೆ ತಂಗುವ ಸಮತಲ ಬೇರೆ. ಮುಂಬಯಿಯ ಭಾವೂ ದಾಜಿ ಲಾಡ್ ಸಂಗ್ರಹಾಲಯದ ಬಾಗಿಲು ತೆರೆದದ್ದು ೧೮೭೨ರಲ್ಲಿ. ಇಂದು ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯವೆಂದು ಕರೆಯಲ್ಪಡುವ ಸಂಸ್ಥೆ ಸಾರ್ವಜನಿಕರಿಗೆ ತೆರೆದದ್ದು ೧೯೨೨ರಲ್ಲಿ. ಮೆಟ್ಟಿಲನ್ನು ಏರಿಯೇ ಜ್ಞಾನದ ಸನ್ನಿಧಿಯನ್ನು ಸೇರಬೇಕೆಂಬ ಭಾವನೆ ಆ ಕಾಲದ ವಾಸ್ತುವಿನಲ್ಲಿಯೇ ಅಡಗಿತ್ತು. ಅಂಥ ಕಟ್ಟಡಗಳನ್ನು ಕೆಡಿಸದೆ ಸುಧಾರಿಸುವುದು ಕಷ್ಟದ ಕೆಲಸವೆಂಬುದನ್ನು ಒಪ್ಪಬೇಕು. ಆದರೆ ಇಳಿಜಾರನ್ನು ಕಟ್ಟಿ, ಅದರ ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರವನ್ನು ಬರೆಸಿ, ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಳ್ಳುವುದುಂಟಲ್ಲ, ಅದು ಆಕ್ಷೇಪಾರ್ಹ. ಮನೆಯೊಳಕ್ಕೆ ಕರೆದು ಮಾತನಾಡಿಸದೆ ಕಳುಹಿಸುವುದು ಅತಿಥಿಸತ್ಕಾರವಲ್ಲವಷ್ಟೆ.

ಮಾತನಾಡಿಸುವುದೆಂದರೆ ವಿವರಣಫಲಕ. ಕೈಪಿಡಿಯ ಸೂತ್ರಗಳಲ್ಲಿ ಕನ್ನಡಿಗರಾದ ನಾವು ಹೆಚ್ಚು ವಿಚಾರಮಾಡಬೇಕಾದದ್ದೂ ಇದರ ವಿಷಯವಾಗಿಯೇ. ಫಲಕದ ಭಾಷೆ ಕರ್ತರಿಪ್ರಯೋಗದಲ್ಲಿರಲಿ, ವಾಕ್ಯದಲ್ಲಿ ೨೫ಕ್ಕಿಂತ ಹೆಚ್ಚು ಪದಗಳು ಬೇಡ, ಬರಿಯ ದೊಡ್ಡಕ್ಷರಗಳಲ್ಲಿ ಅಚ್ಚುಮಾಡಬಾರದು, ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ಸ್ಪಷ್ಟವಾಗಿರಲಿ, ಆರಂಭದ ಫಲಕದಲ್ಲಿ ಇಡೀ ಪ್ರದರ್ಶನದ ಸಾರವನ್ನು ದಪ್ಪಕ್ಷರದ ಒಂದು ಪರಿಚ್ಛೇದದಲ್ಲಿ ಕೊಡಿರಿ ಎಂದು ಅದು ವಿಧಿಸುತ್ತದೆ. ಇವೆಲ್ಲವೂ ಇಂಗ್ಲಿಷನ್ನೂ ರೋಮನ್ ಲಿಪಿಯನ್ನೂ ಮುಂದಿಟ್ಟುಕೊಂಡು ಮಾಡಿದ ನಿಯಮಗಳು. ಇವನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಅರ್ಧ ನಿಷ್ಪ್ರಯೋಜಕವಾಗುತ್ತವೆ, ಅರ್ಧ ಸಾಲದಾಗುತ್ತವೆ.

ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲ. ಆ ನಿಯಮ ನಮಗೆ ಬೇಕಿಲ್ಲ. ಆದರೆ ನಮ್ಮ ಲಿಪಿಗೆ ತನ್ನವೇ ಆದ ಸೂಕ್ಷ್ಮಗಳಿವೆ. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಭೇದ ಅಡಿಯಲ್ಲಿನ ಒಂದು ಸಣ್ಣ ಸೀಳು. ರಕಾರವನ್ನು ಠಕಾರ ಮಾಡುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಮಬ್ಬು ಬೆಳಕಿನಲ್ಲಿ, ಪೊರೆ ಬಂದ ಕಣ್ಣಿಗೆ, ಈ ಸೀಳೂ ಚುಕ್ಕೆಯೂ ಮೊದಲು ಮಾಯವಾಗುವಂಥವು. ಇನ್ನು ಒತ್ತಕ್ಷರಗಳ ಮಾತು. ರೋಮನ್ ಬರಹ ಸಾಲಿನ ಮೇಲೆ ಕುಳಿತರೆ ನಮ್ಮದು ಸಾಲಿನ ಕೆಳಗೂ ಇಳಿಯುತ್ತದೆ. ರಾಷ್ಟ್ರಕೂಟ, ವಾಸ್ತು, ಶಿಲ್ಪ ಮೊದಲಾದ, ಸಂಗ್ರಹಾಲಯದಲ್ಲಿ ಹೆಜ್ಜೆಹೆಜ್ಜೆಗೂ ಬರುವ ಪದಗಳಲ್ಲಿ ಅಚ್ಚಿನ ಒತ್ತು ಮೂಲಾಕ್ಷರದ ಅರ್ಧದಷ್ಟು ಗಾತ್ರಕ್ಕೆ ಕುಗ್ಗಿರುತ್ತದೆ. ಆದ್ದರಿಂದ ಕನ್ನಡ ಫಲಕದ ಅಕ್ಷರದ ಅಳತೆಯನ್ನು ಮೂಲಾಕ್ಷರದಿಂದಲ್ಲ, ಒತ್ತಿನಿಂದ ನಿರ್ಣಯಿಸಬೇಕು. ಒತ್ತು ಓದಲು ಬಂದರೆ ಮಿಕ್ಕದ್ದೆಲ್ಲ ಓದಲು ಬಂದೀತು. ಸಾಲುಗಳ ನಡುವಣ ತೆರಪೂ ಇಂಗ್ಲಿಷ್ ಫಲಕಕ್ಕಿಂತ ಹೆಚ್ಚಾಗಿರಬೇಕು. ಎರಡು ಭಾಷೆಯ ಫಲಕಗಳಲ್ಲಿ ಇಂಗ್ಲಿಷಿಗೆ ಕೊಟ್ಟಷ್ಟೇ ಜಾಗವನ್ನು ಕನ್ನಡಕ್ಕೂ ಕೊಟ್ಟು, ಸಮಾನತೆಯನ್ನು ಪಾಲಿಸಿದೆವೆಂದು ತೃಪ್ತಿಪಡುವುದು ಸಾಮಾನ್ಯವಾದ ರೂಢಿ. ಪರಿಣಾಮದಲ್ಲಿ ಕನ್ನಡವೇ ಇಕ್ಕಟ್ಟಿಗೆ ಸಿಲುಕಿ ಕಿರಿದಾಗುತ್ತದೆ.

ಇಪ್ಪತ್ತೈದು ಪದಗಳ ನಿಯಮವೂ ನಮಗೆ ಒಗ್ಗದು. ಕನ್ನಡದ ಒಂದು ಪದ ವಿಭಕ್ತಿಪ್ರತ್ಯಯವನ್ನೂ ಅವ್ಯಯವನ್ನೂ ಒಡಲಲ್ಲಿ ಹೊತ್ತು ಇಂಗ್ಲಿಷಿನ ಎರಡು ಮೂರು ಪದಗಳ ಕೆಲಸವನ್ನು ಮಾಡುತ್ತದೆ; ಕ್ರಿಯಾಪದವಂತೂ ಕೊನೆಯಲ್ಲಿ ಬರುತ್ತದೆ. ಇಪ್ಪತ್ತೈದು ಪದಗಳ ಕನ್ನಡ ವಾಕ್ಯವನ್ನು ನಿಂತುಕೊಂಡು ಓದುವವನು ಕ್ರಿಯಾಪದವನ್ನು ತಲಪುವಷ್ಟರಲ್ಲಿ ಕರ್ತೃವನ್ನು ಮರೆತಿರುತ್ತಾನೆ. ಹನ್ನೆರಡು ಪದಗಳನ್ನು ಎಲ್ಲೆಯೆಂದು ಇಟ್ಟುಕೊಳ್ಳುವುದು ಮೇಲು. ಕರ್ಮಣಿಪ್ರಯೋಗದ ವಿಷಯದಲ್ಲಿ ಮಾತ್ರ ಕೈಪಿಡಿಯ ಮಾತು ನಮಗೆ ಇಂಗ್ಲಿಷಿನವರಿಗಿಂತ ಹೆಚ್ಚಾಗಿ ಅನ್ವಯಿಸುತ್ತದೆ. ನಿರ್ಮಿಸಲ್ಪಟ್ಟಿತು, ಉತ್ಖನನ ಮಾಡಲ್ಪಟ್ಟಿತು, ದಾನವಾಗಿ ನೀಡಲ್ಪಟ್ಟಿತು ಎಂಬ ಪಟ್ಟಿತುಗಳ ಮೆರವಣಿಗೆ ಫಲಕಗಳಲ್ಲಿ ನಡೆದೇ ಇದೆ. ಕಟ್ಟಿದವರು ಯಾರು, ಅಗೆದವರು ಯಾರು, ಕೊಟ್ಟವರು ಯಾರು ಎಂದು ಹೇಳಿಬಿಟ್ಟರೆ ಕನ್ನಡವೂ ಉಳಿದೀತು, ಚರಿತ್ರೆಯೂ ತಿಳಿದೀತು.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದನ್ನು ಕೈಪಿಡಿ ಕಾಣಲಾರದಾಗಿದೆ. ಅದರ ಪ್ರೇಕ್ಷಕ ಒಬ್ಬಂಟಿಗ: ಒಬ್ಬನೇ ಬರುತ್ತಾನೆ, ಒಬ್ಬನೇ ಮೌನವಾಗಿ ಓದಿಕೊಳ್ಳುತ್ತಾನೆ. ನಮ್ಮಲ್ಲಿ ಸಂಗ್ರಹಾಲಯಕ್ಕೆ ಬರುವುದು ಕುಟುಂಬ, ಕೆಲವೊಮ್ಮೆ ಇಡೀ ಊರಿನ ತಂಡ. ಅಜ್ಜಿ, ಸೊಸೆ, ಮಗಳು, ಮೊಮ್ಮಕ್ಕಳು ಒಂದೇ ಪೆಟ್ಟಿಗೆಯ ಸುತ್ತ ನೆರೆಯುತ್ತಾರೆ, ಓದು ಬಲ್ಲ ಒಬ್ಬ ಹುಡುಗಿ ಫಲಕವನ್ನು ಗಟ್ಟಿಯಾಗಿ ಓದಿ ಹೇಳುತ್ತಾಳೆ, ಉಳಿದವರು ಕೇಳುತ್ತಾರೆ. ಆದಕಾರಣ ನಮ್ಮ ದೇಶದ ವಿವರಣಫಲಕ ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಸೇರಿದ್ದು. ಗಟ್ಟಿಯಾಗಿ ಓದಿದಾಗ ಒಂದೇ ಕೇಳ್ಮೆಗೆ ಅರ್ಥವಾಗುವ ಗದ್ಯವೇ ಇಲ್ಲಿ ಒಳ್ಳೆಯ ಗದ್ಯ. ಹೀಗೆ ಬರೆದ ಫಲಕದಿಂದ ಓದುಬಾರದ ಅಜ್ಜಿಗೆ ಆಗುವ ಉಪಕಾರವೂ, ದೃಷ್ಟಿಹೀನನಾದ ಪ್ರೇಕ್ಷಕನಿಗೆ ಆಗುವ ಉಪಕಾರವೂ ಒಂದೇ ಆಗಿದೆ. ಬರೆಯುವವನಿಗೆ ಆಗುವ ಉಪಕಾರ ಮೂರನೆಯದು: ತಾನು ಹೇಳಬೇಕಾದದ್ದು ಏನೆಂಬುದು ಅವನಿಗೇ ಖಚಿತವಾಗುತ್ತದೆ.

ಈ ಮಾತಿಗೆ ನಿದರ್ಶನವಾಗಿ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಿಲೆಯನ್ನು ತೆಗೆದುಕೊಳ್ಳೋಣ. ಇಂಥ ಕಲ್ಲುಗಳಿಗೆ ನಮ್ಮಲ್ಲಿ ಬರೆಯುವ ಫಲಕದ ಧಾಟಿ ಎಲ್ಲರಿಗೂ ಪರಿಚಿತವೇ: ವೀರಗಲ್ಲು, ಗಂಗ ಕಾಲ, ಕ್ರಿ.ಶ. ೧೦ನೆಯ ಶತಮಾನ, ದೊರೆತ ಸ್ಥಳ ಇಂಥದು. ಇದರಲ್ಲಿ ಸುಳ್ಳೇನೂ ಇಲ್ಲ, ಹೇಳಿದ್ದೂ ಏನಿಲ್ಲ. ಅದರ ಬದಲು ಹೀಗೆ ಬರೆದರೆ ಹೇಗೆ? “ಈ ಕಲ್ಲಿನಲ್ಲಿ ನಾಯಿಯೊಂದು ಹಂದಿಯೊಡನೆ ಹೋರಾಡುತ್ತಿದೆ. ನಾಯಿಯ ಹೆಸರು ಕಾಳಿ. ಕ್ರಿ.ಶ. ೯೪೯ರ ಹೊತ್ತಿಗೆ ತಕ್ಕೋಲದಲ್ಲಿ ಚೋಳರೊಡನೆ ಯುದ್ಧವಾಯಿತು. ಅದರಲ್ಲಿ ಮಣಲೆರನೆಂಬ ವೀರನು ಪರಾಕ್ರಮ ತೋರಿದನು. ಒಡೆಯನು ಮೆಚ್ಚಿ, ಏನು ಬೇಕೆಂದು ಕೇಳಿದನು. ಮಣಲೆರನು ಈ ನಾಯಿಯನ್ನು ಬೇಡಿ ಪಡೆದನು. ಮುಂದೆ ಕಾಳಿ ಒಂದು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ಗುಡಿಯ ಮುಂದೆ ಈ ಕಲ್ಲನ್ನು ನಿಲ್ಲಿಸಿದರು.” ಇದರಲ್ಲಿ ಶಾಸನದ ಆಧಾರವಿಲ್ಲದ ಮಾತು ಒಂದೂ ಇಲ್ಲ. ಯಾವ ವಾಕ್ಯವೂ ಹನ್ನೆರಡು ಪದಗಳನ್ನು ಮೀರಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಇಮ್ಮಡಿ ಬೂತುಗ, ಆ ಯುದ್ಧದಲ್ಲಿ ಮಡಿದ ಚೋಳ ರಾಜಾದಿತ್ಯ ಇವರನ್ನು ಕುರಿತ ವಿವರ ಬೇಕಾದವರಿಗೆ ಕೆಳಗೆ ಎರಡನೆಯ ಪರಿಚ್ಛೇದವಿರಲಿ. ಒಂದಕ್ಕಿಂತ ಹೆಚ್ಚು ಬುದ್ಧಿಮಟ್ಟಗಳು ಎಂದು ಕೈಪಿಡಿ ಹೇಳುವುದರ ಅರ್ಥ ಇಷ್ಟೇ. ಇದನ್ನು ಪಾಂಡಿತ್ಯದ ಅಗ್ಗದ ಮಾರಾಟವೆಂದು ಹಳಿಯುವವರಿದ್ದಾರೆ. ಆದರೆ ನಾಯಿ ಯಾವುದು, ಒಡೆಯನಾರು, ಮೊದಲು ನಡೆದದ್ದು ಯಾವುದು ಎಂಬುದನ್ನು ಶಾಸನದಿಂದ ಬಿಡಿಸಿ ತೆಗೆಯಲಾರದವನು ಈ ಎಂಟು ಸಾಲುಗಳನ್ನು ಬರೆಯಲಾರನು; ಕಾಲವನ್ನೂ ಸ್ಥಳವನ್ನೂ ನಮೂದಿಸುವ ಫಲಕವನ್ನಾದರೋ ದಾಖಲೆಪುಸ್ತಕ ನೋಡಿ ಗುಮಾಸ್ತನೂ ಬರೆದಾನು.

ವೀರಗಲ್ಲಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾಗದು. ಸಾಮಾನ್ಯವಾಗಿ ನಮ್ಮ ವೀರಗಲ್ಲುಗಳಲ್ಲಿ ಮೂರು ಅಂಕಣಗಳಿರುತ್ತವೆ. ಅಡಿಯದರಲ್ಲಿ ಹೋರಾಟ, ನಡುವಣದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಮುಂದೆ ಕುಳಿತ ವೀರ, ಎಲ್ಲಕ್ಕೂ ಮೇಲೆ ಸೂರ್ಯಚಂದ್ರರು. ಇದನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಅಕ್ಷರ ಬಲ್ಲವನಿಗೆ ಅಂಕಣಗಳ ನಡುವಣ ಪಟ್ಟಿಯಲ್ಲಿ ಬರಹ, ಬಾರದವನಿಗೆ ಚಿತ್ರ, ದಾರಿಹೋಕನಾದ ಯಾರಿಗೇ ಆಗಲಿ ಮುಟ್ಟಿ ನಮಸ್ಕರಿಸಲು ಹೊಲದ ಅಂಚಿನಲ್ಲಿ ತೆರವಾದ ಜಾಗ. ಸ್ಮಿತ್‌ಸೋನಿಯನ್ ಕೈಪಿಡಿ ಹೇಳುವುದನ್ನೆಲ್ಲ ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಅರಿತಿದ್ದರೆಂದು ಬೀಗುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಅಂಥ ಬೀಗುವಿಕೆಯಿಂದ ಯಾವ ಪೀಠವೂ ತಗ್ಗುವುದಿಲ್ಲ. ಹೇಳಬೇಕಾದದ್ದು ಇದು: ಇಂಥ ಕಲ್ಲನ್ನು ತಂದು ಮೂರಡಿ ಪೀಠದ ಮೇಲೆ ನಿಲ್ಲಿಸಿದಾಗ ಕಥೆಯ ಆರಂಭವೇ ಮಗುವಿನ ತಲೆಗಿಂತ ಮೇಲೆ ಹೋಗುತ್ತದೆ, ಸೂರ್ಯಚಂದ್ರರನ್ನು ಯಾರೂ ಕಾಣರು. ಕಲ್ಲಿನ ಸ್ವಭಾವವನ್ನು ಬಲ್ಲ ವಿದ್ವಾಂಸನು ಪೀಠದ ಎತ್ತರವನ್ನು ಬಡಗಿಗೆ ಬಿಡಬಾರದು.

ಮುಟ್ಟುವ ಪ್ರಶ್ನೆ ಎಲ್ಲಕ್ಕಿಂತ ತೊಡಕಾದದ್ದು. ಮುಟ್ಟಬಾರದು ಎಂಬ ಫಲಕಕ್ಕೆ ಸಕಾರಣವಿದೆ. ಬೆರಳಿನ ಎಣ್ಣೆಯೂ ಬೆವರೂ ಲೋಹವನ್ನು ತಿನ್ನುತ್ತವೆ, ಮೃದುವಾದ ಕಲ್ಲನ್ನು ಸವೆಸುತ್ತವೆ. ಆದ್ದರಿಂದ ಪ್ರತಿಕೃತಿಯೇ ಗತಿ. ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ೨೦೧೫ರಲ್ಲಿ ತೆರೆದ ‘ಅನುಭವ’ ಎಂಬ ಅಂಕಣದಲ್ಲಿ ಅಲ್ಲಿಯ ಸಂಗ್ರಹದ ೨೦ಕ್ಕೂ ಹೆಚ್ಚು ವಸ್ತುಗಳ ಪ್ರತಿಕೃತಿಗಳನ್ನು ಮುಟ್ಟಿ ನೋಡುವಂತೆ, ಬ್ರೈಲ್ ಬರಹದೊಡನೆಯೂ ಧ್ವನಿವಿವರಣೆಯೊಡನೆಯೂ ಜೋಡಿಸಲಾಯಿತು. ಇದು ಶ್ಲಾಘ್ಯವಾದ ಕೆಲಸವೆಂಬಲ್ಲಿ ಸಂದೇಹವಿಲ್ಲ. ಆದರೆ ಈ ಕ್ರಮದ ಬಗ್ಗೆ ಒಂದು ತಾತ್ತ್ವಿಕ ಆಕ್ಷೇಪವನ್ನೂ ಎತ್ತಬಹುದು. ದೃಷ್ಟಿಹೀನರಿಗೆ ಒಂದು ಬೇರೆಯ ಕೋಣೆ, ದೃಷ್ಟಿಯುಳ್ಳವರಿಗೆ ಉಳಿದ ಸಂಗ್ರಹಾಲಯವೆಲ್ಲ ಎಂಬ ವಿಭಜನೆಗೆ ಇದು ದಾರಿಮಾಡುತ್ತದೆ. ಅಂಧಳಾದ ತಾಯಿ ಆ ಕೋಣೆಯಲ್ಲಿ, ಮಕ್ಕಳು ಹರಪ್ಪದ ಅಂಕಣದಲ್ಲಿ ಎಂದಾದರೆ ಒಟ್ಟಿಗೆ ಬಂದು ಫಲವೇನು? ಪ್ರತಿಕೃತಿ ಮೂಲದ ಪಕ್ಕದಲ್ಲಿಯೇ ಇರಬೇಕು. ಮುಟ್ಟುವವಳೂ ನೋಡುವವನೂ ಒಂದೇ ವಸ್ತುವಿನ ಬಗ್ಗೆ ಒಬ್ಬರೊಡನೊಬ್ಬರು ಮಾತಾಡುವಂತಾಗಬೇಕು.

ಪ್ರತಿಕೃತಿಯನ್ನು ಮುಟ್ಟಿದರೆ ಮೂಲದ ಅನುಭವ ಬಂದೀತೆ ಎಂದು ಕಲಾರಸಿಕರು ಕೇಳುವುದುಂಟು. ಅದಕ್ಕೆ ಮುಂಬಯಿಯಲ್ಲಿಯೇ ಉತ್ತರವಿದೆ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಒಳಚಾವಣಿಯಲ್ಲಿದ್ದ ಬ್ರಹ್ಮನ ಶಿಲ್ಪ ಈಗ ಮೇಲೆ ಹೇಳಿದ ವಾಸ್ತು ಸಂಗ್ರಹಾಲಯದಲ್ಲಿದೆ. ಗುಡಿಯ ನಸುಗತ್ತಲೆಯಲ್ಲಿ ನಿಂತು, ಕತ್ತೆತ್ತಿ, ತಲೆಯ ಮೇಲೆ ಕಾಣಬೇಕೆಂದು ಶಿಲ್ಪಿ ಮಾಡಿದ್ದನ್ನು ನಾವು ವಿದ್ಯುದ್ದೀಪದ ಬೆಳಕಿನಲ್ಲಿ, ಅದರ ಎದುರಿಗೇ ನಿಂತು ನೋಡುತ್ತೇವೆ. ಮೂಲದ ಅನುಭವ ಕಳೆದುಹೋಯಿತೆಂದು ಯಾರೂ ಗೋಳಾಡುವುದಿಲ್ಲ. ಕಣ್ಣುಳ್ಳವರ ಅನುಕೂಲಕ್ಕಾಗಿ ಚಾವಣಿಯನ್ನೇ ನೆಲಕ್ಕೆ ಇಳಿಸಿರುವಾಗ ಕೈಗಳ ಅನುಕೂಲಕ್ಕಾಗಿ ಒಂದು ಪ್ರತಿಕೃತಿಯನ್ನು ಮಾಡಿಸುವುದು ಎಂಥ ಅಪಚಾರ? ಎಲ್ಲ ಕೃತಿಗಳೂ ಸ್ಪರ್ಶಕ್ಕೆ ಒಲಿಯುತ್ತವೆಂದಲ್ಲ. ಸಾಲಾರ್ ಜಂಗ್ ಸಂಗ್ರಹದ, ಬೆನ್ಜೋನಿ ಕಡೆದ ಮುಸುಕಿನ ರೆಬೆಕ್ಕಳ ಸೊಗಸೆಲ್ಲ ಕಲ್ಲು ತೆಳುವಸ್ತ್ರವಾಗಿ ಕಾಣುವ ಕಣ್ಕಟ್ಟಿನಲ್ಲಿದೆ. ಬೆರಳು ಅಲ್ಲಿ ಬರಿಯ ಅಮೃತಶಿಲೆಯನ್ನೇ ಕಂಡೀತು. ಯಾವುದನ್ನು ಮುಟ್ಟಿಸಬೇಕು, ಯಾವುದನ್ನು ಮಾತಿನಲ್ಲಿ ಬಣ್ಣಿಸಬೇಕು ಎಂಬ ವಿವೇಚನೆಯೇ ಇಲ್ಲಿ ವಿಮರ್ಶಕನ ಕೆಲಸ.

ನನ್ನ ವೃತ್ತಿಗೆ ಸೇರಿದ ಒಂದು ಉದಾಹರಣೆಯನ್ನು ವಾಚಕರು ಮನ್ನಿಸಬೇಕು. ನೋಟುಗಳನ್ನು ಕೈಯಿಂದ ಗುರುತಿಸುವವರಿಗಾಗಿ ರಿಸರ್ವ್ ಬ್ಯಾಂಕು ೨೦೧೫ರಲ್ಲಿ ದೊಡ್ಡ ನೋಟುಗಳ ಅಂಚಿಗೆ ಉಬ್ಬಿದ ಓರೆಗೆರೆಗಳನ್ನು ಸೇರಿಸಿತು: ನೂರರ ನೋಟಿಗೆ ನಾಲ್ಕು, ಐನೂರರದಕ್ಕೆ ಐದು. ಮರುವರ್ಷದಿಂದ ಹೊರಬಂದ ಹೊಸ ಮಾಲೆಯಲ್ಲಿ ನೂರು, ಇನ್ನೂರು, ಐನೂರರ ನೋಟುಗಳ ಅಗಲ ಒಂದೇ ಆಯಿತು. ಇನ್ನೂರಕ್ಕೂ ಐನೂರಕ್ಕೂ ಉದ್ದದಲ್ಲಿರುವ ಅಂತರ ೪ ಮಿಲಿಮೀಟರು. ಕಣ್ಣಿಗೆ ಬಣ್ಣ ಸಾಕು. ಕೈಗೆ ೪ ಮಿಲಿಮೀಟರು ಸಾಲದು. ಉಬ್ಬುಗೆರೆಯಾದರೋ ನೋಟು ಕೈಯಿಂದ ಕೈಗೆ ಹೋದಂತೆ ಸವೆಯುತ್ತದೆ. ೨೦೨೦ರಲ್ಲಿ ನೋಟಿನ ಬೆಲೆಯನ್ನು ಉಲಿದು ಹೇಳುವ ‘ಮಣಿ’ ಎಂಬ ಮೊಬೈಲ್ ಸಾಧನ ಬಂತು. ಅದು ಉಪಯುಕ್ತವೇ. ಆದರೆ ನೋಟನ್ನು ರೂಪಿಸುವ ಮೇಜಿನ ಮುಂದೆ ಕೈಯಿಂದ ಎಣಿಸುವವನೊಬ್ಬನನ್ನು ಕೂರಿಸಿಕೊಂಡಿದ್ದರೆ ಕಂಡುಕೊಳ್ಳಬಹುದಾಗಿದ್ದುದನ್ನು ಅನಂತರ ಯಂತ್ರದಿಂದ ತುಂಬಿಕೊಟ್ಟಂತಾಯಿತು. ಪ್ರತಿಕೃತಿಗಳ ವಿಷಯದಲ್ಲಿಯೂ ಇದೇ ಆಗುವ ಭಯವಿದೆ. ನುಣುಪಾದ ರಾಳದಲ್ಲಿ ಎರಕ ಹೊಯ್ದ ವಿಗ್ರಹ ಕಣ್ಣಿಗೆ ಮೂಲದಂತೆಯೇ ಇರಬಹುದು; ಕೈಗೆ ಅದು ಕಲ್ಲಲ್ಲ, ತಂಪಿಲ್ಲ, ತೂಕವಿಲ್ಲ. ತಾಮ್ರಶಾಸನದ ಪ್ರತಿಕೃತಿ ಬಳೆಯೂ ಮುದ್ರೆಯೂ ಸೇರಿ ತಾಮ್ರದ ತೂಕದಲ್ಲಿಯೇ ಇರಬೇಕು. ಒಂದು ಗ್ರಾಮದ ಹಕ್ಕು ಎಷ್ಟು ಭಾರವಾಗಿತ್ತೆಂಬುದು ಆಗ ತಿಳಿಯುತ್ತದೆ, ಕಣ್ಣುಳ್ಳವರಿಗೂ.

ಬ್ರೈಲಿನ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ ೧೯೫೧ರಲ್ಲಿ ರೂಪುಗೊಂಡಿತು. ಅದರಲ್ಲಿ ಕನ್ನಡದ ಒತ್ತು ಕೆಳಗಿಳಿಯುವುದಿಲ್ಲ; ಎಲ್ಲವೂ ಒಂದರ ಮುಂದೊಂದು ಒಂದೇ ಸಾಲಿನಲ್ಲಿ ನಡೆಯುತ್ತವೆ. ಆದರೆ ಬಾಲ್ಯದಲ್ಲಿಯೇ ಅದನ್ನು ಕಲಿತವರಿಗೆ ಮಾತ್ರ ಅದು ಸಲೀಸು. ಅರುವತ್ತರ ಮೇಲೆ ದೃಷ್ಟಿ ಕಳೆದುಕೊಂಡವರಿಗೆ ಬ್ರೈಲ್ ಫಲಕವೂ ಸಾದಾ ಫಲಕದಷ್ಟೇ ಮೂಕ; ಅವರಿಗೆ ಬೇಕಾದದ್ದು ದನಿ. ಹುಟ್ಟಿನಿಂದ ಕಿವಿ ಕೇಳದವರ ವಿಷಯವೂ ನಾವು ತಿಳಿದಷ್ಟು ಸರಳವಲ್ಲ. ಅವರ ಸಂಜ್ಞಾಭಾಷೆಗೆ ತನ್ನದೇ ವ್ಯಾಕರಣವಿದೆ. ಬರೆದ ಕನ್ನಡ ಅನೇಕರಿಗೆ ಎರಡನೆಯ ಭಾಷೆ. ಅಲ್ಲಿಯೂ ಚಿಕ್ಕ ವಾಕ್ಯ, ಸ್ಪಷ್ಟವಾದ ಕರ್ತೃ ಉಪಕಾರಕವಾದೀತು.

ಬೆಳಕಿನ ವಿಷಯದಲ್ಲಿ ಎರಡು ನ್ಯಾಯಗಳ ಘರ್ಷಣೆಯಿದೆ. ಓಲೆಗರಿ, ಕಾಗದ, ಬಟ್ಟೆಗಳಿಗೆ ೫೦ ಲಕ್ಸಿಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂರಕ್ಷಣಶಾಸ್ತ್ರದ ರೂಢಿಯ ನಿಯಮ. ಇತ್ತ ಅರುವತ್ತು ವರ್ಷದ ಕಣ್ಣಿನ ಒಳಪರದೆಗೆ ತಲಪುವ ಬೆಳಕು ಇಪ್ಪತ್ತು ವರ್ಷದವರದರ ಸುಮಾರು ಮೂರನೆಯ ಒಂದು ಪಾಲು. ಓಲೆಗರಿಯನ್ನು ನೋಡಲು ಹೆಚ್ಚು ಆಸೆಪಡುವವರು ಆ ವಯಸ್ಸಿನವರೇ ಎಂಬುದು ದೈವದ ವ್ಯಂಗ್ಯ. ಹಸ್ತಪ್ರತಿಯನ್ನು ಬೆಳಕಿಗೆ ಬಲಿಕೊಡಲಾಗದು. ಆದರೆ ಪಕ್ಕದ ವಿವರಣಫಲಕ ಓಲೆಗರಿಯಲ್ಲವಷ್ಟೆ. ಅದನ್ನೂ ಏತಕ್ಕೆ ಕತ್ತಲೆಯಲ್ಲಿಡಬೇಕು? ಫಲಕಕ್ಕೆ ಪ್ರತ್ಯೇಕ ದೀಪ, ಗರಿಯ ದೊಡ್ಡದಾದ ಛಾಯಾಚಿತ್ರ, ಕೈಯಲ್ಲಿ ಹಿಡಿದು ಓದಲು ದಪ್ಪಕ್ಷರದ ಪ್ರತಿ, ಕುಳಿತುಕೊಳ್ಳಲು ಒಂದು ಬೆಂಚು ಇವಿಷ್ಟು ಸಾಕು. ಬೆಂಚನ್ನು ಪಟ್ಟಿಯ ಕೊನೆಗೆ ಹೇಳಿದೆನಾದರೂ ಬೆಲೆಯಲ್ಲಿ ಅದು ಕೊನೆಯದಲ್ಲ. ಮಂಡಿನೋವಿನ ಹಿರಿಯರು ಸಂಗ್ರಹಾಲಯದಿಂದ ಬೇಗ ಹೊರಬರುವುದು ಆಸಕ್ತಿ ಕುಂದಿದ್ದರಿಂದಲ್ಲ.

ಕಾನೂನು ಏನು ಹೇಳುತ್ತದೆ? ವಿಶ್ವಸಂಸ್ಥೆಯ ೨೦೦೬ರ ಒಡಂಬಡಿಕೆಯನ್ನು ಭಾರತ ೨೦೦೭ರಲ್ಲಿ ಸ್ಥಿರೀಕರಿಸಿತು. ಅದರ ೩೦ನೆಯ ವಿಧಿ ಸಾಂಸ್ಕೃತಿಕ ಜೀವನದಲ್ಲಿ ಪಾಲುಗೊಳ್ಳುವ ಹಕ್ಕನ್ನು ಹೇಳುತ್ತದೆ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ೨೯ನೆಯ ಪ್ರಕರಣ ಕಲೆಯನ್ನು ಅವರಿಗೆ ಎಟಕಿಸುವುದನ್ನು ಸರಕಾರದ ಕರ್ತವ್ಯವಾಗಿ ಮಾಡಿದೆ. ಅಂಗವಿಕಲರ ಬದುಕಿನ ಚರಿತ್ರೆಯನ್ನು ತೋರುವ ಸಂಗ್ರಹಾಲಯವೊಂದರ ಸ್ಥಾಪನೆಯನ್ನೂ ಅದು ಉಲ್ಲೇಖಿಸುತ್ತದೆ. ೨೦೧೧ರ ಜನಗಣತಿಯಂತೆ ಈ ದೇಶದಲ್ಲಿ ಅಂಗವಿಕಲರು ೨.೬೮ ಕೋಟಿ, ಮುಪ್ಪಿನಿಂದ ಕಣ್ಣು ಕಿವಿ ಮಂದವಾದವರೆಲ್ಲರೂ ಆ ಲೆಕ್ಕದಲ್ಲಿ ಬರುವುದಿಲ್ಲ. ಅಳತೆ ನಿಯಮಗಳು ಮಾತ್ರ ಬಹುಕಾಲ ಸಲಹೆಗಳಾಗಿಯೇ ಉಳಿದವು. ಸಲಹೆಯ ಸುತ್ತೋಲೆಗೂ ಕಡ್ಡಾಯದ ಸುತ್ತೋಲೆಗೂ ಕಚೇರಿಯಲ್ಲಿ ಸಿಗುವ ಮರ್ಯಾದೆಯ ಅಂತರವನ್ನು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೀಗೆ ಸಲಹೆಯ ರೂಪದಲ್ಲಿದ್ದ ನಿಯಮ ಅಧಿನಿಯಮಕ್ಕೆ ವಿರುದ್ಧವೆಂದು ತೀರ್ಪಿತ್ತು, ಕಡ್ಡಾಯದ ಮಾನದಂಡಗಳನ್ನು ರೂಪಿಸಬೇಕೆಂದು ಕೇಂದ್ರ ಸರಕಾರಕ್ಕೆ ನಿರ್ದೇಶಿಸಿತು. ಆದರೆ ಯಾವ ನ್ಯಾಯಾಲಯವೂ ಫಲಕದ ಗದ್ಯವನ್ನು ತಿದ್ದಲಾರದು.

ಹೊರನಾಡಿನ ಕನ್ನಡ ಸಂಘಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ಐಹೊಳೆಯ ಬ್ರಹ್ಮ ಮುಂಬಯಿಯಲ್ಲಿದ್ದಾನೆ. ಅಲ್ಲಿಯ ದುರ್ಗ ಗುಡಿಯ ಗಗನಗಾಮಿಗಳಾದ ಗಂಧರ್ವ ದಂಪತಿಗಳು ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾರೆ. ಈ ನಗರಗಳ ಸಂಗ್ರಹಾಲಯಗಳು ಗೋಡೆಯ ಮೇಲೆ ಕನ್ನಡ ಫಲಕವನ್ನು ತೂಗಿಸಬೇಕೆಂದು ಕೇಳುವುದು ನ್ಯಾಯವಾಗಲಾರದು, ಗೋಡೆಗೆ ಮಿತಿಯಿದೆ. ದನಿಗೆ ಆ ಮಿತಿಯಿಲ್ಲ. ಇಂಥ ಒಂದೊಂದು ಶಿಲ್ಪಕ್ಕೂ ಎರಡು ಮೂರು ನಿಮಿಷಗಳ ಕನ್ನಡ ಧ್ವನಿವಿವರಣೆಯನ್ನು ವಿದ್ವಾಂಸರಿಂದ ಬರೆಸಿ, ದೃಷ್ಟಿಹೀನರಾದ ಕೇಳುಗರ ಮುಂದೆ ಓದಿ, ಅವರು ಎಡವಿದ ಕಡೆ ತಿದ್ದಿ, ಸಂಗ್ರಹಾಲಯಗಳ ಕೈಗೆ ಒಪ್ಪಿಸಬಹುದು. ಐವತ್ತು ವರ್ಷ ಈ ನಗರದಲ್ಲಿದ್ದೂ ಮನೆಯಲ್ಲಿ ಕನ್ನಡವನ್ನಷ್ಟೇ ಬಾಳಿದ, ಈಗ ಕಣ್ಣು ಮಂಜಾದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಬಾದಾಮಿ ಐಹೊಳೆಗಳ ಸೀಮೆಯವರೇ ಆಗಿದ್ದಾರೆ.

ಆ ವಿವರಣೆಯನ್ನು ಬರೆಯುವುದು ಸುಲಭವಾಗಲಾರದು. ಉಬ್ಬುಶಿಲ್ಪದಲ್ಲಿ ಬ್ರಹ್ಮನಿಗೆ ಮೂರೇ ಮುಖಗಳು. ನಾಲ್ಕನೆಯದು ಹಿಂದಿದೆಯೆಂದು ಕಣ್ಣುಳ್ಳವನು ಕೇಳದೆಯೇ ಊಹಿಸಿಕೊಳ್ಳುತ್ತಾನೆ. ಪ್ರತಿಕೃತಿಯ ಮೇಲೆ ಕೈಯಾಡಿಸುವವನು, ನಾಲ್ಕನೆಯದೆಲ್ಲಿ ಎಂದು ಕೇಳುತ್ತಾನೆ. ಉಬ್ಬುಶಿಲ್ಪವೆಂದರೆ ಏನು, ಬೆನ್ನಿಲ್ಲದ ದೇಹವನ್ನು ಪೂರ್ಣದೇಹವೆಂದು ನಾವು ಯಾವ ಒಪ್ಪಂದದಿಂದ ಕಾಣುತ್ತೇವೆ ಎಂಬುದನ್ನು ಅವನಿಗೆ ಮೊದಲು ಹೇಳಬೇಕು. ಚಾಲುಕ್ಯ ಶಿಲ್ಪವನ್ನು ಕುರಿತ ನಮ್ಮ ಗ್ರಂಥಗಳಲ್ಲಿ ಈ ಪ್ರಶ್ನೆಯಿಂದ ಆರಂಭವಾಗುವ ಒಂದನ್ನೂ ನಾನು ಕಂಡಿಲ್ಲ.